ಎಡಗಡೆ ಇಲ್ಲದ ಚಳಿಗಾಲ

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ನಾನು ರೊಟ್ಟಿಯ ಸಲುವಾಗಿ ಹೆಂಡತಿಯ ಜೊತೆ ಜಗಳ ತೆಗೆದೆ. ತಾಟಿನಲ್ಲಿ ಅರ್ಧ ರೊಟ್ಟಿ ಮಾತ್ರ ಇತ್ತು. ಅದರ ಪಕ್ಕ ಒಂದಿಷ್ಟು ಶೇಂಗಾ ಚಟ್ನಿ, ನಾಲ್ಕಾರು ಹೋಳು ಸವತೆಕಾಯಿ. ಪಲ್ಯವಿಲ್ಲ, ಮೊಸರಿಲ್ಲ. ಇದ್ದದ್ದನ್ನು ತಿಂದು ಮುಗಿಸಿ, ಅವಳು ಇನ್ನೇನಾದರೂ ಬಡಿಸುತ್ತಾಳೆ ಎಂದು ಕಾದೆ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ.

"ದವಾಖಾನ್ಯಾಗ ಪಥ್ಯ ಹೇಳ್ಯಾರೇನು? ಅರ್ಧಾ ರೊಟ್ಟಿ ಹಾಕೀದಿ. ಪಲ್ಯ ಸುದ್ದಾ ಇಲ್ಲ," ಎಂದೆ.

"ಪಲ್ಯ ತಾಟಿನಾಗ ಐತಲ್ರಿ."

"ಎಲ್ಲಿ ಐತಿ?"

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ನಾನು ಚೇಷ್ಟೆ ಮಾಡುತ್ತಿದ್ದೇನೋ ಏನೋ ಎಂದು ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ ತಾಟಿನ ಅಂಚು ಹಿಡಿದು ಅದನ್ನು ಅರ್ಧ ಸುತ್ತು ತಿರುಗಿಸಿದಳು.

ತಾಟಿನ ಮೇಲೆ ಅರ್ಧ ರೊಟ್ಟಿ ಬಂತು. ಎಣ್ಣೆ ತೇಲುವ ಬದನೆಕಾಯಿ ಪಲ್ಯ ಬಂತು. ಮೊಸರಿನ ಬಟ್ಟಲು ಬಂತು. ನಾನು ಹೀಗೆ ಬರೆಯುತ್ತಿರುವುದು ಮಾತಿನ ಚೆಂದಕ್ಕಲ್ಲ. ನಿಜವಾಗಿಯೂ ಅವು ಎಲ್ಲಿಂದಲೋ ಬಂದವು.

"ಹೆಂಗ ಮಾಡಿದಿ ಇದನ್ನ?" ಎಂದು ಕೇಳಿದೆ.

ಅವಳು ನಗಲಿಲ್ಲ. ನನ್ನ ಎದುರಿಗೆ ನೆಲದ ಮೇಲೆ ಕುಳಿತುಬಿಟ್ಟಳು.

ನಾನು ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಸುತ್ತಲಿನ ಹಳ್ಳಿಯವರು ಚಸ್ಮಾದಂಗಡಿ ಎನ್ನುತ್ತಾರೆ. ಮೂವತ್ತು ವರ್ಷದ ಹತ್ತಿರ ಹತ್ತಿರ ಜನರನ್ನು ಕುರ್ಚಿಯ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿದ್ದೇನೆ. ನೋಡುವುದೆಂದರೆ ಕಣ್ಣಿನ ಕೆಲಸ, ಕಣ್ಣು ಸೋತರೆ ಗಾಜಿನ ಕೆಲಸ ಎಂದಷ್ಟೇ ನಂಬಿದ್ದವನು. ಡಿಸೆಂಬರಿನ ಒಂದು ಬೆಳಿಗ್ಗೆ ಶಟರ್ ಎತ್ತುವಾಗ ಎಡಗೈ ಮೇಲೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕುಳಿತೆ. ಎದುರಿನ ಚಹಾದಂಗಡಿಯವನು ಓಡಿಬಂದು ಆಟೋ ನಿಲ್ಲಿಸಿದ. ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಬೇಗ ಕರೆತಂದಿರಿ, ಪುಣ್ಯ, ಎಂದರು ಆಸ್ಪತ್ರೆಯಲ್ಲಿ. ಮಾತು ಹೋಗಿರಲಿಲ್ಲ. ಕೋಲು ಹಿಡಿದು ನಡೆಯಬಹುದಾಗಿತ್ತು. ಎಡಗೈ ಸೋತಿತ್ತು, ಅಷ್ಟೇ. ನಾನು ಗುಣವಾಗಿದ್ದೇನೆ ಎಂದುಕೊಂಡೇ ಮನೆಗೆ ಬಂದಿದ್ದೆ.

ತಾಟಿನ ಸುದ್ದಿಯನ್ನು ಹೆಂಡತಿ ಡಾಕ್ಟರರ ಮುಂದೆ ಹೇಳಿದಳು. ಅವರು ಇನ್ನೂ ವಯಸ್ಸಾಗದ ಮನುಷ್ಯ, ಮೆತ್ತಗೆ ಮಾತಾಡುವವರು. ನನ್ನ ಎದುರಿಗೆ ಸ್ಟೂಲ್ ಎಳೆದುಕೊಂಡು ಕುಳಿತು, ಎರಡೂ ಕೈ ಅಗಲಿಸಿ ಒಂದೊಂದು ತೋರುಬೆರಳು ಎತ್ತಿದರು.

"ನನ್ನ ಮೂಗ ನೋಡ್ಕೋತ ಕೂಡ್ರಿ. ಬೆರಳ ನೋಡಬ್ಯಾಡ್ರಿ. ಯಾವ ಕಡೀದು ಅಲುಗಾಡ್ತೈತಿ, ಅಷ್ಟ ಹೇಳ್ರಿ."

ಬಲಗಡೆಯ ಬೆರಳು ಅಲುಗಿತು. ಹೇಳಿದೆ. ಎಡಗಡೆಯದು ಅಲುಗಿತು. ಸ್ವಲ್ಪ ತಡವಾಗಿ, ಆದರೂ ಸರಿಯಾಗಿಯೇ, ಹೇಳಿದೆ. ನನಗೆ ಎಡಗಡೆ ಕಾಣುತ್ತದೆ, ಹೆಂಡತಿ ಸುಮ್ಮನೆ ಗಾಬರಿಯಾಗಿದ್ದಾಳೆ ಎಂದು ಒಳಗೊಳಗೇ ಬೀಗಿದೆ. ಮೂರನೆಯ ಸಲ ಮತ್ತೆ ಬಲಗಡೆಯದು ಅಲುಗಿತು.

"ಬಲಕ," ಎಂದೆ.

"ಅಯ್ಯ, ಎರಡೂ ಅಲುಗಾಡಿಸಿದ್ರಲ್ರಿ!" ಎಂದಳು ಹೆಂಡತಿ.

ಇಬ್ಬರೂ ಕೂಡಿ ನನ್ನನ್ನು ಮಂಗ ಮಾಡುತ್ತಿದ್ದಾರೆ ಎನಿಸಿ ಸಿಟ್ಟು ಬಂತು. "ನೀನ ಬಂದು ಕೂಡು," ಎಂದೆ ಅವಳಿಗೆ. ಅವಳು ಡಾಕ್ಟರರ ಜಾಗದಲ್ಲಿ ಕುಳಿತು ಬೆರಳು ಎತ್ತಿದಳು. ಎಡಗಡೆಯದನ್ನು ಮಾತ್ರ ಅಲುಗಿಸಿದಾಗ ಕಂಡಿತು. ಅದೇ ಬೆರಳು, ಅದೇ ಜಾಗ, ಅದೇ ಅಲುಗಾಟ, ಬಲಗಡೆಯ ಬೆರಳು ಜೊತೆಗೂಡಿದ ಕೂಡಲೇ ಇಲ್ಲವಾಯಿತು. ಮಸುಕಾಗಲಿಲ್ಲ. ಇಲ್ಲವಾಯಿತು. ಅವಳು ಸುಳ್ಳು ಹೇಳುವವಳಲ್ಲ ಎಂಬುದು ನನಗೆ ಗೊತ್ತಿತ್ತು, ಆದ್ದರಿಂದಲೇ ಮೈ ಝುಂ ಎಂದಿತು.

"ಕಣ್ಣ ಚಲೋ ಅದಾವ್ರಿ," ಎಂದರು ಡಾಕ್ಟರು. "ಎಡಗಡಿ ಬೆಳಕು ಒಳಗ ಬರಾಕತ್ತೈತಿ. ಆದ್ರ ಅಲ್ಲಿ ಲಕ್ಷ್ಯ ಹೋಗವಲ್ದು. ಬಲಗಡಿ ಏನರ ಇತ್ತಂದ್ರ ಎಲ್ಲಾ ಲಕ್ಷ್ಯ ಅದ ಎಳಕೊಂಡು ಬಿಡ್ತೈತಿ."

"ಹಂಗಾರ ನನಗ ಎಡಗಡಿ ಕತ್ತಲ ಕಾಣಬೇಕಾಗಿತ್ತಲ್ರಿ?"

"ನಿಮ್ಮ ಬೆನ್ನ ಹಿಂದ ನಿಮಗ ಕತ್ತಲ ಕಾಣತೈತೇನ್ರಿ?"

ನಾನು ಯೋಚಿಸಿದೆ. ಬೆನ್ನ ಹಿಂದೆ ಕತ್ತಲೂ ಇಲ್ಲ, ಬೆಳಕೂ ಇಲ್ಲ. ಅಲ್ಲಿ ನೋಡುವಂಥದ್ದು ಏನೋ ತಪ್ಪಿಹೋಗಿದೆ ಎಂದು ಯಾರಿಗೂ ಅನಿಸುವುದಿಲ್ಲ. ನನ್ನ ಎಡಗಡೆಯೂ ಹಾಗೆ ನನ್ನ ಬೆನ್ನ ಹಿಂದೆ ಸೇರಿಕೊಂಡಿತ್ತು.

ಮನೆಯಲ್ಲಿ ದಿನಗಳು ವಿಚಿತ್ರವಾಗಿ ಸಾಗಿದವು. ಗಡ್ಡ ಬೋಳಿಸಿಕೊಂಡು ಬಂದರೆ ಹೆಂಡತಿ ಕನ್ನಡಿಯ ಮುಂದೆ ಮತ್ತೆ ಕೂರಿಸಿ ಎಡಗೆನ್ನೆ ತಾನೇ ಬೋಳಿಸುತ್ತಿದ್ದಳು. ಅಂಗಿಯ ಎಡತೋಳು ಹಿಂದೆ ಜೋತಾಡುತ್ತಿತ್ತು. ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದಾಗೆಲ್ಲ, ಯಾರೋ ಬಾಗಿಲು ಸರಿಸಿದ್ದಾರೆ ಎಂದು ಬೈಯುತ್ತಿದ್ದೆ. ಪತ್ರಿಕೆ ಓದಿದರೆ ಸಾಲುಗಳು ನಡುವಿನಿಂದ ಶುರುವಾಗಿ ಅರ್ಥವಿಲ್ಲದೆ ಮುಗಿಯುತ್ತಿದ್ದವು. ಇತ್ತೀಚೆಗೆ ಎಂಥ ಸುದ್ದಿ ಬರೆಯುತ್ತಾರಪ್ಪ ಎಂದು ಬೇಸರದಿಂದ ಮಡಚಿಡುತ್ತಿದ್ದೆ.

ಸಂಕ್ರಾಂತಿಗೆ ಬಬಲೇಶ್ವರದಿಂದ ನನ್ನ ಅಕ್ಕ ಬಂದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು ತಂದಿದ್ದಳು. ನಾನು ಪಡಸಾಲೆಯ ಮಂಚದ ಮೇಲೆ ಕುಳಿತಿದ್ದೆ. ಅಕ್ಕನ ದನಿ ಕೇಳಿತು. "ಹೆಂಗದೀಯೋ ತಮ್ಮಾ?" ಎಂದಳು. ದನಿ ಬಂದದ್ದು ಅಡಿಗೆಮನೆಯ ಕಡೆಯಿಂದ, ಅಂದರೆ ನನ್ನ ಬಲಗಡೆಯಿಂದ.

"ಆರಾಮ ಅದೀನಿ ಅಕ್ಕಾ. ಹೊರಗ ಬಾ," ಎಂದೆ ಅಡಿಗೆಮನೆಯ ಬಾಗಿಲು ನೋಡುತ್ತ.

ಅವಳು ಬರಲಿಲ್ಲ. "ಕೈ ಎತ್ತಾಕ ಬರತೈತೇನು?" ಎಂದು ಕೇಳಿದಳು. "ಊಟಾ ಸೇರತೈತೇನು?" ಎಂದು ಕೇಳಿದಳು. ನಾನು ಬಾಗಿಲನ್ನೇ ನೋಡುತ್ತ ಉತ್ತರ ಕೊಡುತ್ತ ಹೋದೆ. ಕೊನೆಗೆ ತಡೆಯಲಾರದೆ, "ಬಂದಾಗಿಂದ ಒಳಗ ಯಾಕ ನಿಂತೀದಿ? ನನ್ನ ಮಾರಿ ನೋಡಾಕ ಮನಸ್ಸಿಲ್ಲೇನ ನಿನಗ?" ಎಂದೆ.

ಆಮೇಲೆ ಎಡಗಡೆ ಏನೋ ಬಣ್ಣ ಮಿಂಚಿತು. ನನ್ನ ಕತ್ತು ತಾನಾಗಿ ಅತ್ತ ಹೊರಳಿತು. ಅಲ್ಲಿ ಅಕ್ಕ ನಿಂತಿದ್ದಳು. ಹಸಿರು ಇಳಕಲ್ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಬಂದಾಗಿನಿಂದ ಅವಳು ನನ್ನದೇ ಮಂಚದ ಮೇಲೆ, ನನ್ನ ಎಡ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದಳಂತೆ. ಎಡಗಡೆಯ ದನಿಯನ್ನೂ ನನ್ನ ತಲೆ ಬಲಗಡೆಗೆ ಹಾಕಿಕೊಂಡಿತ್ತು. ನನ್ನ ಮಾತು ಕೇಳಿ ಹೆದರಿ ಎದ್ದು ನಿಂತಾಗ ಸೆರಗು ಹಾರಿತ್ತು.

"ಯಾವಾಗ ಹೊರಗ ಬಂದಿ?" ಎಂದೆ.

"ಯಪ್ಪಾ! ನಿನ್ನ ಬಾಜೂಕನ ಕುಂತಿದ್ನೆಲ್ಲೋ!" ಎಂದು ಅಕ್ಕ ಅಳತೊಡಗಿದಳು.

ನನ್ನ ಹೆಂಡತಿ ಅಳಲಿಲ್ಲ. ಅವಳು ನನ್ನ ಕತ್ತನ್ನೇ ನೋಡುತ್ತಿದ್ದಳು. ಅಕ್ಕ ಎಷ್ಟು ಮಾತಾಡಿದರೂ ಹೊರಳದ ಕತ್ತು ಒಂದು ಸೆರಗಿನ ಹಾರಾಟಕ್ಕೆ ಹೊರಳಿತ್ತು. ಅವಳು ಒಳಗೆ ಹೋಗಿ ಒಂದು ಒಗೆದ ಟವೆಲ್ ತಂದು, ಅಕ್ಕನಿಗೆ ಏನೂ ಹೇಳದೆ, ನನ್ನ ಎಡಗಡೆ ಜೋರಾಗಿ ಝಾಡಿಸಿದಳು. ನಾನು ಹೊರಳಿ ನೋಡಿದೆ.

"ಸ್ಥಿರ ಇದ್ದದ್ದು ಕಾಣವಲ್ದು, ಆದ್ರ ಹಾರಿದ್ದು ಕಾಣತೈತಿ ನೋಡ್ರಿ ಅಕ್ಕಾರ," ಎಂದಳು.

ಡಾಕ್ಟರರಿಗೆ ಇದು ಹೊಸದಾಗಿರಲಿಲ್ಲ, ಆದರೆ ಅವಳು ಹೇಳಿದಾಗ ಅವರ ಮುಖ ಅರಳಿತು. ಕಣ್ಣಿನ ನಡುಭಾಗ ಓದಲಿಕ್ಕೆ, ಸೂಜಿಗೆ ದಾರ ಪೋಣಿಸಲಿಕ್ಕೆ ಇದೆ. ಅಂಚಿನ ಭಾಗಕ್ಕೆ ಅಕ್ಷರ ತಿಳಿಯುವುದಿಲ್ಲ, ಆದರೆ ಅಲ್ಲಿ ಏನಾದರೂ ಸರಿದರೆ, ಮಿನುಗಿದರೆ ಅದು ಮನುಷ್ಯನನ್ನು ಎಳೆದು ಹೊರಳಿಸುತ್ತದೆ, ನಾವು ಬೇಡವೆಂದರೂ ಬಿಡುವುದಿಲ್ಲ ಎಂದು ವಿವರಿಸಿದರು. "ಆ ದಾರಿ ನಿಮಗ ಪೂರಾ ಮುಚ್ಚಿಲ್ರಿ. ಎಡಗಡಿ ಏನರ ಅಲುಗಾಡ್ಲಿ. ಮತ್ತ ನೀವೂ ಬೇಕಂತ ಹೊಳ್ಳಿ ನೋಡ್ರಿ. ದಿನಾ. ಅದ ಔಷಧ."

ಹೆಂಡತಿಯ ತವರು ಟಿಕೋಟಾದ ಆಚೆ ಕಳ್ಳಕವಟಗಿ. ಅವಳ ತಮ್ಮನಿಗೆ ಅಲ್ಲಿ ದ್ರಾಕ್ಷಿ ಪಡ, ಅಂದರೆ ತೋಟ, ಇದೆ. ಹಣ್ಣಿನ ಕಾಲಕ್ಕೆ ಹಕ್ಕಿ ಬೆದರಲೆಂದು ಸಾಲುಗಳ ಮೇಲೆ ಅವನು ಕೆಂಪು, ಬೆಳ್ಳಿ ಬಣ್ಣದ ಹೊಳೆಯುವ ಪಟ್ಟಿ ಕಟ್ಟುತ್ತಾನೆ. ಅವಳು ಅವನಿಂದ ಒಂದು ಸುರುಳಿ ತರಿಸಿದಳು. ಮಂಚದ ಎಡಕ್ಕಿದ್ದ ಕಿಟಕಿಗೆ, ಊಟಕ್ಕೆ ಕೂರುವ ಜಾಗದ ಎಡಗೋಡೆಗೆ, ಬಚ್ಚಲ ಬಾಗಿಲ ಎಡ ಚೌಕಟ್ಟಿಗೆ ತುಂಡು ತುಂಡು ಕಟ್ಟಿದಳು. ಫ್ಯಾನಿನ ಗಾಳಿಗೆ ಅವು ಪರಪರ ಎಂದು ಮಿಂಚುತ್ತಿದ್ದವು. ಬಂದವರು ಹುಟ್ಟುಹಬ್ಬವೇ ಎಂದು ಕೇಳುತ್ತಿದ್ದರು. ಪಟ್ಟಿ ಮಿಂಚಿದಾಗ ನಾನು ಹೊರಳುತ್ತಿದ್ದೆ, ಆ ಕ್ಷಣಕ್ಕೆ ಕಿಟಕಿ ಇರುತ್ತಿತ್ತು, ಕಿಟಕಿಯಾಚೆ ಬೇವಿನ ಮರ ಇರುತ್ತಿತ್ತು. ಕತ್ತು ಮರಳಿದ ಮೇಲೆ ಎರಡೂ ಇರುತ್ತಿರಲಿಲ್ಲ.

ಇಷ್ಟರವರೆಗೆ ನಾನು ಇದನ್ನು ನೋಟದ ವಿಚಾರವೆಂದೇ ತಿಳಿದಿದ್ದೆ. ಒಂದು ಮಧ್ಯಾಹ್ನ ಆ ತಿಳುವಳಿಕೆಯೂ ಹೋಯಿತು.

ಅವಳು ಶೇಂಗಾ ಸುಲಿಯುತ್ತ ಕುಳಿತಿದ್ದಳು. ನನಗೆ ಅಂಗಡಿಯ ಹಂಬಲವಾಗಿತ್ತು. ನನ್ನನ್ನು ಮಾತಿಗೆ ಎಳೆಯಲೆಂದು, "ಕಣ್ಣ ಮುಚ್ಚಿ ಹಂಗ ಸ್ಟೇಷನ್ ರೋಡಿಗೆ ಹೋಗಿ ಬರ್ರಿ ಒಂದ ಸಲ. ಊರ ಕಡಿಂದ ಸ್ಟೇಷನ್ ತನಕ ಯಾವ ಯಾವ ಅಂಗಡಿ ಅದಾವ ಹೇಳ್ರಿ," ಎಂದಳು.

ನನಗದು ಅಂಗೈ ಗೆರೆಯಷ್ಟು ಪರಿಚಯದ ರಸ್ತೆ. ಕಣ್ಣು ಮುಚ್ಚಿ ಹೊರಟೆ. ಸೈಕಲ್ ರಿಪೇರಿಯ ಅಂಗಡಿ, ಬೇಕರಿ, ಪಾತ್ರೆಯಂಗಡಿ, ನಮ್ಮ ಅಂಗಡಿ, ಅದರ ಮಗ್ಗುಲಿನ ಟೇಲರ್, ಬೀಜ ಗೊಬ್ಬರದವರು, ಲಾಡ್ಜು, ಸ್ಟೇಷನ್. ಒಂದನ್ನೂ ಬಿಟ್ಟಿಲ್ಲವೆಂಬ ಸಮಾಧಾನದಿಂದ ಕಣ್ಣು ತೆರೆದೆ.

ಅವಳ ಕೈ ನಿಂತಿತ್ತು. "ಚಾದಂಗಡಿ ಎಲ್ಲಿ ಹೋತ್ರಿ?" ಎಂದಳು.

"ಯಾವ ಚಾದಂಗಡಿ?"

"ನಮ್ಮ ಎದುರಿಂದು. ದಿನಾ ಚಾ ಕುಡೀತಿದ್ರೆಲ್ಲ. ನಿಮ್ಮನ್ನ ಆಟೋದಾಗ ಹಾಕಿ ಕಳಿಸಿದವ್ರು."

ಅಂಥದೊಂದು ಅಂಗಡಿ ಇದೆ ಎಂಬುದು ಗೊತ್ತು. ಅದರ ಏಲಕ್ಕಿ ವಾಸನೆಯೂ ಗೊತ್ತು. ಆದರೆ ಕಣ್ಣು ಮುಚ್ಚಿ ಆ ರಸ್ತೆಯಲ್ಲಿ ನಿಂತರೆ ಅದಕ್ಕೆ ಜಾಗವೇ ಇರಲಿಲ್ಲ. ಅವಳು ದನಿ ತಗ್ಗಿಸಿ ಹೇಳಿದಳು: "ಈಗ ಸ್ಟೇಷನ್‌ಗೆ ಬೆನ್ನ ಮಾಡಿ ನಿಲ್ರಿ. ಅಲ್ಲಿಂದ ಹೊಳ್ಳಿ ಊರ ಕಡೆ ಬರ್ರಿ."

ಮತ್ತೆ ಕಣ್ಣು ಮುಚ್ಚಿದೆ. ಸ್ಟೇಷನ್‌ಗೆ ಬೆನ್ನು ಮಾಡಿ ನಿಂತೆ. ರಸ್ತೆ ನನ್ನ ಮುಂದೆ ತೆರೆದುಕೊಂಡಿತು. ಹಣ್ಣಿನ ಗಾಡಿಗಳು, ಔಷಧದಂಗಡಿ, ಮೊಬೈಲಿನವನು, ಖಾನಾವಳಿ, ಚಹಾದಂಗಡಿ, ಅದರ ಮುಂದಿನ ಮುರುಕು ಬೆಂಚು, ಬಟ್ಟೆಯಂಗಡಿ... ಎಲ್ಲವೂ ಬಂದವು, ಬೋರ್ಡಿನ ಬಣ್ಣದ ಸಮೇತ. ಊರ ಕಡೆಯ ತುದಿ ಮುಟ್ಟಿ ನಿಂತೆ.

"ನಮ್ಮ ಅಂಗಡಿ?" ಎಂದಳು ಅವಳು.

ನಾನು ನನ್ನದೇ ಅಂಗಡಿಯನ್ನು ದಾಟಿ ಬಂದಿದ್ದೆ. ಹೋಗುವಾಗ ಬಲಕ್ಕಿದ್ದ ಅದು ಬರುವಾಗ ಎಡಕ್ಕಾಗಿತ್ತು, ಆದ್ದರಿಂದ ಇರಲಿಲ್ಲ. ಟೇಲರ್ ಇರಲಿಲ್ಲ, ಬೇಕರಿ ಇರಲಿಲ್ಲ. ಈಗ ತಾನೇ ನನ್ನ ಬಾಯಿಂದಲೇ ಬಂದಿದ್ದ ಅಂಗಡಿಗಳು ಕತ್ತರಿಸಿ ತೆಗೆದ ಹಾಗೆ ಹೋಗಿದ್ದವು. ಕಣ್ಣು ಮುಚ್ಚಿತ್ತಲ್ಲ! ಅಲ್ಲಿ ನೋಡುತ್ತಿದ್ದವನು ಯಾರು? ತಲೆಯೊಳಗಿನ ರಸ್ತೆಗೂ ಒಂದು ಎಡಬಲವಿದೆ, ನೆನಪಿನಲ್ಲಿ ನಡೆಯುವಾಗಲೂ ಮನುಷ್ಯ ಎಲ್ಲೋ ಒಂದು ಕಡೆ ನಿಂತು, ಯಾವುದೋ ಕಡೆಗೆ ಮುಖ ಮಾಡಿರುತ್ತಾನೆ ಎಂಬುದು ನನಗೆ ಆವತ್ತು ತಿಳಿಯಿತು. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ದೊಡ್ಡ ಗುಮ್ಮಟದ ಕೆಳಗೆ ಮೊದಲ ಸಲ ನಿಂತು ಮೇಲೆ ನೋಡಿದಾಗ ಬಾಯಿ ತೆರೆಯುತ್ತದಲ್ಲ, ಹಾಗಾಗಿತ್ತು ನನಗೆ. ಇಷ್ಟು ವರ್ಷ ಇಂಥದೊಂದನ್ನು ತಲೆಯಲ್ಲಿ ಹೊತ್ತು ತಿರುಗಿ, ಒಂದು ದಿನವೂ ಅದರ ಸುದ್ದಿ ಗೊತ್ತಿರಲಿಲ್ಲ.

ಹೆಂಡತಿ ಶೇಂಗಾ ಪಕ್ಕಕ್ಕಿಟ್ಟು ನನ್ನ ಎಡಗೈ ಹಿಡಿದುಕೊಂಡಳು. "ಇರ್ಲಿ ಬಿಡ್ರಿ," ಎಂದಳು. "ಎರಡೂ ಸಲಾ ಕೂಡಿ ಎಲ್ಲಾ ಅಂಗಡಿ ಬಂದುವಲ್ಲ. ಒಂದೂ ಕಳದಿಲ್ಲ."

ಫೆಬ್ರವರಿಯಲ್ಲಿ ಅವಳ ತಮ್ಮ ಕಾರು ತಂದು ನಮ್ಮನ್ನು ಕಳ್ಳಕವಟಗಿಗೆ ಕರೆದುಕೊಂಡು ಹೋದ. ಬಯಲು ಗಾಳಿಗೆ ಮೈ ಹಗುರಾಗುತ್ತದೆ ಎಂದು ಅವನ ಒತ್ತಾಯ. ದಾರಿಯುದ್ದಕ್ಕೂ ನನಗೆ ಕಂಡದ್ದು ಬಲಗಡೆಯ ಹೊಲಗಳಷ್ಟೇ. ಟಿಕೋಟಾ ಬಂದಾಗ ಅವನು ಕಾರು ನಿಲ್ಲಿಸಿ ಕಬ್ಬಿನ ಹಾಲು ಕೊಡಿಸಿದ. ಗ್ಲಾಸು ಎಡಗಡೆಯ ಕಿಟಕಿಯಿಂದ ಬಂತು, ಹೆಂಡತಿ ಹಿಂದಿನಿಂದ ಕೈ ಚಾಚಿ ಅದನ್ನು ನನ್ನ ಬಲಗೈಗೆ ದಾಟಿಸಿದಳು.

ಮರುದಿನ ಬೆಳಿಗ್ಗೆ ಪಡದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಬಲಕ್ಕೆ ಒಣದ್ರಾಕ್ಷಿ ಮಾಡುವ ಶೆಡ್ ಇತ್ತು. ಅದರ ಹಸಿರು ಪರದೆ, ಬಿಸಿಲಿಗೆ ಬಿದ್ದಿದ್ದ ಕ್ರೇಟುಗಳು ನನಗೆ ಸ್ಪಷ್ಟ ಕಾಣುತ್ತಿದ್ದವು. ಪಡ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ.

ಗಾಳಿ ಎದ್ದಿತು. ಎಡಗಡೆ ಒಂದು ಮಿಂಚು. ಯಾರೋ ಹೆಸರು ಹಿಡಿದು ಕರೆದ ಹಾಗೆ ಕತ್ತು ಹೊರಳಿತು. ನಾನು ಆಗ ಗಮನಿಸಿದ್ದು ಒಂದು ಸೋಜಿಗ: ನೋಡಬೇಕೆಂದು ನಾನು ಹೊರಳಿದ್ದಲ್ಲ. ಮೊದಲು ಕರೆ ಬಂದಿತ್ತು, ಆಮೇಲೆ ಕತ್ತು ಹೊರಳಿತು, ಅದಾದ ಮೇಲೆ ನನಗೆ ಕಂಡಿತು. ಕರೆ ಬಂದಾಗ ಎದ್ದು ಹೋದವನು ನನ್ನೊಳಗೆ ನನಗಿಂತ ಮೊದಲೇ ಎಚ್ಚರವಿದ್ದ ಇನ್ನಾರೋ. ಒಂದು ಸಾಲು ಬಳ್ಳಿ ಕಂಡಿತು, ಮೆತ್ತಗಾಗುತ್ತಿದ್ದ ಹಸಿರು ಗೊಂಚಲುಗಳು ಕಂಡವು. ಮತ್ತೆ ಹೋದವು.

ಅಷ್ಟರಲ್ಲಿ ಹೆಂಡತಿಯ ತಮ್ಮ ಎಲ್ಲಿಂದಲೋ ತಗಡಿನ ಡಬ್ಬಿ ಬಡಿಯತೊಡಗಿದ. ಸಾಲುಗಳ ಒಳಗೆ ಅಡಗಿದ್ದ ಗೊರವಂಕಗಳ ಹಿಂಡು ಭರ್ರನೆ ಎದ್ದಿತು. ಎದ್ದದ್ದು ನನ್ನ ಎಡಗಡೆ. ಕತ್ತು ಹೊರಳಿತು. ಹಿಂಡು ಇನ್ನೂ ಎಡಕ್ಕೆ ಸರಿಯಿತು, ಕಣ್ಣು ಬೆನ್ನು ಹತ್ತಿತು. ಅಲ್ಲಿಂದ ಒಡೆದು ಇನ್ನೊಂದು ಗುಂಪು ಮತ್ತೂ ಎಡಕ್ಕೆ ಹಾರಿತು. ನಾನು ಕುರ್ಚಿಯಲ್ಲೇ ಸೊಂಟ ತಿರುಗಿಸಿದೆ. ಹಕ್ಕಿಗಳು ಹೋದ ಹಾಗೆಲ್ಲ ಅವುಗಳ ಹಿಂದೆ ನೆಲ ಬಿಚ್ಚಿಕೊಳ್ಳುತ್ತ ಹೋಯಿತು. ಒಂದು ಸಾಲು, ಅದರಾಚೆ ಒಂದು ಸಾಲು, ಸಾಲು ಸಾಲು ಪಡ, ಅದರ ಮೇಲೆ ಸಾವಿರ ಕಡೆ ಮಿನುಗುವ ಪಟ್ಟಿ, ಪಡದ ಕೊನೆಗೆ ಬಿಸಿಲಿಗೆ ಹೊಳೆಯುವ ಕೃಷಿ ಹೊಂಡದ ನೀರು, ನೀರಿನಾಚೆ ಯಾರದೋ ಕಡಲೆ ಹೊಲ, ಅದರಾಚೆ ಬರೀ ಆಕಾಶ. ಹೊಂಡದ ದಂಡೆಯ ಮೇಲೆ ನನ್ನ ಹೆಂಡತಿ ನಿಂತಿದ್ದಳು.

ಹಕ್ಕಿಗಳು ಹೋಗಿಬಿಟ್ಟವು. ಡಬ್ಬಿಯ ಸದ್ದು ನಿಂತಿತು. ಎಲ್ಲವೂ ಈಗ ಮುಚ್ಚಿಕೊಳ್ಳುತ್ತದೆ ಎಂದು ನಾನು ಹಲ್ಲು ಕಚ್ಚಿ ಕಾದೆ. ಮುಚ್ಚಿಕೊಳ್ಳಲಿಲ್ಲ. ಪಡ ಇತ್ತು. ನೀರು ಇತ್ತು. ಅವಳು ಹೊಂಡದ ದಂಡೆಯಿಂದ ಇಳಿದು ನನ್ನ ಕಡೆಗೆ ನಡೆದು ಬರುತ್ತಿರುವುದು ಹೆಜ್ಜೆ ಹೆಜ್ಜೆಗೂ ಕಾಣುತ್ತಿತ್ತು. ಕಣ್ಣಲ್ಲಿ ನೀರು ಬಂದು ಎಲ್ಲ ಮಂಜಾಯಿತು, ಆದರೆ ಆ ಮಂಜು ಎಡಕ್ಕೂ ಇತ್ತು, ಬಲಕ್ಕೂ ಇತ್ತು.

ಡಬ್ಬಿ ಹಿಡಿದುಕೊಂಡು ಬಂದ ಮೈದುನನನ್ನು ಕೇಳಿದೆ: "ಇಷ್ಟೆಲ್ಲಾ ಇಷ್ಟ ದಿನಾ ಎಲ್ಲಿತ್ತೋ?"

ಅವನು ಸುತ್ತ ನೋಡಿ ನಕ್ಕ. "ಎಲ್ಲಿ ಹೋಗತೈತ್ರಿ ಮಾಮಾ, ಇಲ್ಲೇ ಇತ್ತಲ್ರಿ!"

ಅವತ್ತು ಎಲ್ಲವೂ ಗುಣವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮಧ್ಯಾಹ್ನದ ಊಟಕ್ಕೆ ಕುಳಿತಾಗ ತಾಟಿನ ಎಡಭಾಗ ಮತ್ತೆ ಹೋಗಿತ್ತು. ಆದರೆ ಅಲ್ಲಿ ಏನೋ ಇದೆ, ನಾನು ಹೋಗಿ ಹುಡುಕಬೇಕು ಎಂಬುದು ಆ ಬೆಳಗಿನ ನಂತರ ನನಗೆ ಗೊತ್ತಿತ್ತು. ಅದಕ್ಕೂ ಮೊದಲು ಗೊತ್ತಿರಲಿಲ್ಲ. ಹಣ್ಣು ಕೊಯ್ಯುವವರೆಗೂ ಅಲ್ಲೇ ಉಳಿದೆವು. ದಿನಾ ಬೆಳಿಗ್ಗೆ ಆ ಕುರ್ಚಿಯಲ್ಲಿ ಕುಳಿತು ಹಕ್ಕಿ ಎದ್ದಾಗಲೆಲ್ಲ ಹೊರಳುತ್ತಿದ್ದೆ, ಏಳದಿದ್ದಾಗ ನಾನಾಗಿ ಹೊರಳಿ ಹೊಂಡದ ನೀರು ಸಿಗುವವರೆಗೂ ಹುಡುಕುತ್ತಿದ್ದೆ. ಸಿಗಲಿಕ್ಕೆ ಹಿಡಿಯುವ ಹೊತ್ತು ಕಡಿಮೆಯಾಗುತ್ತ ಬಂತು.

ಬೇಸಿಗೆ ಮುಗಿಯುವ ಹೊತ್ತಿಗೆ ಅಂಗಡಿಗೆ ಮರಳಿದೆ. ಸ್ಕೂಟರ್ ಮಾರಿಬಿಟ್ಟೆ, ಗದ್ದಲದ ರಸ್ತೆಯಲ್ಲಿ ಎರಡೂ ಕಡೆಯಿಂದ ಗಾಡಿ ಬಂದರೆ ಎಡಗಡೆಯದು ಈಗಲೂ ಒಮ್ಮೊಮ್ಮೆ ತಪ್ಪಿಹೋಗುತ್ತದೆ. ದಾಟುವ ಮೊದಲು ನಿಂತು, ಗದ್ದ ಎಡಭುಜಕ್ಕೆ ತಾಗುವಷ್ಟು ಹೊರಳಿ ನೋಡುತ್ತೇನೆ. ಇದು ಹೀಗೇ ಇರಬಹುದು ಎಂದಿದ್ದಾರೆ ಡಾಕ್ಟರು. ಇರಲಿ.

ಮೊನ್ನೆ ನಿಡೋಣಿಯಿಂದ ಒಬ್ಬ ಹೆಣ್ಣುಮಗಳು ಚಸ್ಮಾ ಬದಲಿಸಲು ಬಂದಿದ್ದಳು. ಕಂಕುಳಲ್ಲಿ ಮಗಳ ಕೂಸು. ಕತ್ತು ಈಗಷ್ಟೇ ನಿಂತಿದ್ದ ಎಳೆಗೂಸು. ನಾನು ಅವಳ ಮೂಗಿನ ಅಳತೆ ನೋಡುತ್ತಿದ್ದೆ. ಹೊರಗೆ ಯಾರದೋ ಮೋಟರ್‌ಸೈಕಲಿನ ಕನ್ನಡಿಗೆ ಬಿಸಿಲು ಬಿದ್ದು, ಅಂಗಡಿಯ ಗೋಡೆಯ ಮೇಲೆ ಒಂದು ಬೆಳಕಿನ ಚುಕ್ಕೆ ಓಡಿತು. ಕೂಸು ಹಾಲಿನ ಬಾಯಿ ಬಿಟ್ಟುಕೊಂಡು ಪಟಕ್ಕನೆ ಅತ್ತ ಹೊರಳಿತು. ಮಾತು ಬಾರದು, ಅಮ್ಮ ಯಾರೆಂದು ಸರಿಯಾಗಿ ತಿಳಿಯದು. ಆದರೆ ಅಂಚಿನಲ್ಲಿ ಸರಿದ ಬೆಳಕು ಅದರ ಕತ್ತನ್ನು ಹಿಡಿದು ತಿರುಗಿಸಿತ್ತು. ಅಳತೆಪಟ್ಟಿ ಹಿಡಿದ ನನ್ನ ಕೈ ಹಾಗೇ ನಿಂತಿತು.

"ಏನ ನೋಡಾಕತ್ತೀರಿ?" ಎಂದಳು ಅವಳು.

"ಕೂಸ ಹೊಳ್ಳಿ ನೋಡ್ತವ್ವಾ."

"ಅದರಾಗ ಏನ ಐತ್ರಿ? ಎಲ್ಲಾ ಕೂಸೂ ನೋಡತಾವ."

"ಹೌದು," ಎಂದೆ. "ಎಲ್ಲಾ ಕೂಸೂ ನೋಡತಾವ."

ಬೆಳಕಿನ ಚುಕ್ಕೆ ಗೋಡೆಯ ಮೂಲೆಗೆ ಹೋಗಿ ಮಾಯವಾಯಿತು. ಕೂಸು ಇನ್ನೂ ಆ ಮೂಲೆಯನ್ನೇ ನೋಡುತ್ತಿತ್ತು. ನಾನೂ ನೋಡಿದೆ.